ಶ್ವಾಸಕೋಶದ ಆಪರೇಷನ್ ಆದವರು ಮತ್ತೆ ಅಡ್ಮಿಟ್ ಆಗದಂತೆ ನಮ್ಮ ವಾರ್ಡಿನಲ್ಲಿ ಮಾಡುವುದು

ಶ್ವಾಸಕೋಶದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಮನೆಗೆ ಹೋದವರು ತಿಂಗಳೊಳಗೆ ಮತ್ತೆ ಅಡ್ಮಿಟ್ ಆಗುವುದು ಹೆಚ್ಚಾಗಿ ಕ್ಯಾನ್ಸರ್‌ನಿಂದಲ್ಲ. ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ಎದೆಯೊಳಗೆ ಗಾಳಿಯೋ ನೀರೋ ಕೀವೋ ತುಂಬಿಕೊಳ್ಳುತ್ತದೆ, ಹೃದಯದ ಬಡಿತ ತಾಳ ತಪ್ಪುತ್ತದೆ. ಇವುಗಳಲ್ಲಿ ಹಲವಕ್ಕೆ ಡಿಸ್ಚಾರ್ಜ್ ದಿನವೇ ಸುಳಿವು ಸಿಗುತ್ತದೆ. ಆ ಬೆಳಿಗ್ಗೆ ಅದನ್ನೇ ಹುಡುಕುತ್ತೇವೆ.

ಎದೆಯ ಟ್ಯೂಬ್ (ಒಳಗಿನ ಗಾಳಿ, ದ್ರವವನ್ನು ನೀರಿರುವ ಬಾಟಲಿಗೆ ಇಳಿಸುವ ಕೊಳವೆ) ತೆಗೆಯುವ ಮುಂಚೆ ರೋಗಿಯನ್ನು ಕೂರಿಸಿ ಮೂರು ಸಲ ಜೋರಾಗಿ ಕೆಮ್ಮಿಸುತ್ತೇವೆ. ಗುಳ್ಳೆ ಬಂದರೆ ಶ್ವಾಸಕೋಶದಿಂದ ಗಾಳಿ ಇನ್ನೂ ಸೋರುತ್ತಿದೆ ಎಂದರ್ಥ; ಸುಮ್ಮನೆ ಉಸಿರಾಡುವಾಗ ಬಾಟಲಿಯಲ್ಲಿ ಗುಳ್ಳೆ ಬರಲಿಲ್ಲ ಅಂದರೆ ಸಾಲದು. ಗುಳ್ಳೆಯೂ ಇಲ್ಲ, ನೀರು ಉಸಿರಿನ ಜೊತೆ ಏರಿಳಿಯುತ್ತಲೂ ಇಲ್ಲ ಎಂದಾದರೆ ಟ್ಯೂಬ್ ಮಡಚಿದೆಯೋ, ಹೆಪ್ಪು ಕಟ್ಟಿದೆಯೋ ನೋಡಬೇಕು. ಶ್ವಾಸಕೋಶ ಪೂರ್ತಿ ಅರಳಿದ್ದರೂ ಹೀಗಾಗಬಹುದು. ಅದನ್ನು ಎಕ್ಸ್‌ರೇ ಹೇಳಲಿ. ದಿನದ ದ್ರವ 300 ಮಿ.ಲೀ. ಒಳಗಿರಬೇಕು. ಊಟ ಶುರುವಾದ ಮೇಲೆ ಅದು ಹಾಲಿನಂತೆ ಬೆಳ್ಳಗಾದರೆ ಡಿಸ್ಚಾರ್ಜ್ ಮಾತೇ ಇಲ್ಲ.

5 ದಿನ ದಾಟಿದರೂ ಗಾಳಿಯ ಸೋರಿಕೆ ನಿಲ್ಲದ ಕೆಲವರನ್ನು ಟ್ಯೂಬಿಗೆ ಹೈಮ್ಲಿಕ್ ವಾಲ್ವ್ (ಗಾಳಿಯನ್ನು ಹೊರಗೆ ಮಾತ್ರ ಬಿಡುವ, ಒಳಗೆ ಬಿಡದ ಕವಾಟ) ಜೋಡಿಸಿ ಕಳಿಸುತ್ತೇವೆ. ಅದರ ನೀಲಿ ತುದಿ ಎದೆಯ ಕಡೆ, ಪಾರದರ್ಶಕ ತುದಿ ಹೊರಗಿನ ಚೀಲದ ಕಡೆ. ಉಲ್ಟಾ ಆದರೆ ಗಾಳಿ ಎದೆಯೊಳಗೇ ಸಿಕ್ಕಿಕೊಂಡು ಜೀವಕ್ಕೇ ಕುತ್ತು ಬರುತ್ತದೆ. ಬಟ್ಟೆ ಒದ್ದೆಯಾಗುತ್ತದೆಂದು ಮನೆಯವರು ಚೀಲದ ಗಾಳಿತೂತಿಗೆ ಟೇಪ್ ಸುತ್ತುವುದೂ ಉಂಟು. ಅದೂ ಅಷ್ಟೇ ಅಪಾಯ. ಆದ್ದರಿಂದ ಜೊತೆಗಿರುವವರ ಕೈಯಲ್ಲೇ ಒಮ್ಮೆ ಬಿಚ್ಚಿಸಿ ಜೋಡಿಸಿ ನೋಡುತ್ತೇವೆ, ಅದೂ ಬೇರೊಂದು ಹೊಸ ವಾಲ್ವ್ ಮೇಲೆ, ರೋಗಿಯ ಮೇಲಲ್ಲ.

ಉಸಿರಿನ ವ್ಯಾಯಾಮಕ್ಕೆ ಕೊಡುವ ಮೂರು ಚೆಂಡಿನ ಸ್ಪೈರೋಮೀಟರ್ ಎಲ್ಲರ ಹತ್ತಿರವೂ ಇರುತ್ತದೆ, ಅರ್ಧದಷ್ಟು ಜನ ಅದನ್ನು ಊದುತ್ತಾರೆ! ಊದುವುದಲ್ಲ, ಎಳೆಯುವುದು. ನಿಧಾನವಾಗಿ ಎಳೆದು ಮೂರು ಸೆಕೆಂಡ್ ಹಿಡಿಯಬೇಕು; ಎಚ್ಚರವಿರುವಾಗ ಗಂಟೆಗೆ 10 ಸಲ. ಆಮೇಲೆ ಗಾಯಕ್ಕೆ ದಿಂಬು ಒತ್ತಿಕೊಂಡು ಕೆಮ್ಮುವುದು. ನೋವಿನ ಮಾತ್ರೆಯನ್ನು ನೋವಾದಾಗ ಮಾತ್ರ ನುಂಗಿದರೆ ಕೆಮ್ಮಲು ಹೆದರುತ್ತಾರೆ, ಕಫ ಒಳಗೇ ಉಳಿಯುತ್ತದೆ. ಅದಕ್ಕೇ ಚೀಟಿಯಲ್ಲಿ ಗಂಟೆ ಬರೆದು ಕೊಡುತ್ತೇವೆ. ಟ್ರಮಡಾಲ್ ಇದ್ದರೆ ಮಲಬದ್ಧತೆಗೆ ಔಷಧಿಯೂ ಜೊತೆಗಿರಲಿ.

ಮಲಗಿದಾಗಿನ ಆಕ್ಸಿಜನ್ ಅಂಕಿ ಮೋಸ ಮಾಡುತ್ತದೆ. ಬೆರಳಿಗೆ ಆಕ್ಸಿಮೀಟರ್ ಹಾಕಿಕೊಂಡೇ ಕಾರಿಡಾರ್‌ನಲ್ಲಿ 6 ನಿಮಿಷ ನಡೆಸಿ, 90ರ ಕೆಳಗಿಳಿದರೆ ಅವತ್ತು ಕಳಿಸುವುದಿಲ್ಲ. ಬೀದರ್, ರಾಯಚೂರಿನಿಂದ ಬೆಂಗಳೂರಿಗೆ ಬಂದವರಿಗೆ ಮೊದಲ ವಾರ ಹತ್ತಿರದಲ್ಲೇ ಉಳಿಯಿರಿ ಎನ್ನುತ್ತೇವೆ. ಆಗದಿದ್ದರೆ ದಾರಿಯಲ್ಲಿ ಗಂಟೆ, ಒಂದೂವರೆ ಗಂಟೆಗೊಮ್ಮೆ ಇಳಿದು ನಡೆಯಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು.

ಮನೆಯವರಿಗೆ ಬಾಯಿಪಾಠ ಮಾಡಿಸುವುದು ಇಷ್ಟು: 100.4 ಡಿಗ್ರಿ ದಾಟಿದ ಜ್ವರ. ಕತ್ತು, ಎದೆಯ ಚರ್ಮ ಒತ್ತಿದರೆ ಹಪ್ಪಳ ಮುರಿದಂತೆ ಚರಚರ ಅನ್ನುವುದು. ಇದ್ದಕ್ಕಿದ್ದಂತೆ ನಸುಗೆಂಪು ನೀರಿನಂಥ ಕಫ ಬಾಯಿತುಂಬ ಬರುವುದು. ಕೊನೆಯದು ಕಂಡರೆ ಆಪರೇಷನ್ ಆದ ಬದಿ ಕೆಳಗೆ ಬರುವಂತೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಇನ್ನೊಂದು ಮಗ್ಗುಲಿಗೆ ಮಲಗಿಸಿದರೆ ಆ ನೀರು ಒಳ್ಳೆಯ ಶ್ವಾಸಕೋಶಕ್ಕೆ ಹರಿಯುತ್ತದೆ.

ಮನೆಗೆ ಹೋದ ಮೂರನೇ ದಿನ ನಾವೇ ಫೋನ್ ಮಾಡುತ್ತೇವೆ. ‘ಹೇಗಿದ್ದೀರಿ’ ಎಂದು ಕೇಳುವುದಿಲ್ಲ, ‘ಆರಾಮ್ ಅದೀನ್ರಿ’ ಅಂದುಬಿಡುತ್ತಾರೆ. ಕಫದ ಬಣ್ಣ ಏನು, ರಾತ್ರಿ ಎಷ್ಟು ದಿಂಬು ಬೇಕಾಯಿತು, ನಿನ್ನೆ ಎಲ್ಲಿವರೆಗೆ ನಡೆದಿರಿ ಎಂದು ಕೇಳುತ್ತೇವೆ. ಫೋನ್ ಮನೆಯವರ ಕೈಯಲ್ಲಿದ್ದರೆ ರೋಗಿಗೇ ಕೊಡಿಸುತ್ತೇವೆ. ಒಂದು ವಾಕ್ಯ ಮುಗಿಸಲು ನಡುವೆ ಉಸಿರು ಎಳೆದುಕೊಂಡರೆ, ಉಳಿದ ಉತ್ತರ ಏನೇ ಇರಲಿ, ಅವತ್ತೇ ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ.