ಸಿಂಗಪುರದಲ್ಲಿ ಹಣ ಬದಲಿಸುವುದು, ಹೊರಗೆ ಊಟ ಮಾಡುವುದು: ಹೊಸದಾಗಿ ಬರುವ ಕನ್ನಡಿಗರಿಗೆ

ಕೆಲಸಕ್ಕೋ ಓದಿಗೋ ಸಿಂಗಪುರಕ್ಕೆ ಬಂದು ಕೆಲವು ವರ್ಷ ನೆಲೆಸಲು ಹೊರಟವರು ಇಲ್ಲಿರುವ ನಮ್ಮನ್ನು ಮೊದಲು ಕೇಳುವುದು ಮನೆ ಬಾಡಿಗೆಯ ವಿಷಯವನ್ನೇ. ಬಾಡಿಗೆ ದೊಡ್ಡ ಖರ್ಚು ನಿಜ, ಆದರೆ ಅದು ಕರಾರು ಪತ್ರದಲ್ಲಿ ಬರೆದಷ್ಟೇ ಇರುತ್ತದೆ. ಮೊದಲ ತಿಂಗಳಲ್ಲಿ ಲೆಕ್ಕಕ್ಕೆ ಸಿಗದೆ ಹಣ ಸೋರಿಹೋಗುವುದು ಬೇರೆ ಎರಡು ಕಡೆ: ರೂಪಾಯಿಯನ್ನು ಸಿಂಗಪುರ ಡಾಲರ್ ಮಾಡಿಕೊಳ್ಳುವಾಗ ಮತ್ತು ಹೊರಗೆ ತಿನ್ನುವಾಗ. ಬೋರ್ಡಿನ ಮೇಲೆ ಕಾಣುವ ಅಂಕಿ ಒಂದು, ಕೊನೆಗೆ ಕೈಗೆ ಬರುವ ಅಥವಾ ಕೈಬಿಟ್ಟು ಹೋಗುವ ಅಂಕಿ ಇನ್ನೊಂದು ಎಂಬುದು ಎರಡೂ ಕಡೆಯ ಕಥೆ. ಹಾಗಾಗಿ ಎರಡನ್ನೂ ಒಟ್ಟಿಗೇ ಹೇಳುತ್ತೇನೆ.

ಹೊರಡುವ ಮೊದಲು ಭಾರತದ ಕಡೆಯ ನಿಯಮಗಳನ್ನು ತಿಳಿದುಕೊಂಡಿರಬೇಕು. ಭಾರತದ ನಿವಾಸಿಯೊಬ್ಬರು ಒಂದು ಪ್ರಯಾಣಕ್ಕೆ ಸಾಮಾನ್ಯವಾಗಿ 3,000 ಅಮೆರಿಕನ್ ಡಾಲರಿಗೆ ಸಮನಾದ ವಿದೇಶಿ ನೋಟುಗಳನ್ನು ಮಾತ್ರ ನಗದಾಗಿ ಒಯ್ಯಬಹುದು. ಮಿಕ್ಕದ್ದನ್ನು ಫಾರೆಕ್ಸ್ ಕಾರ್ಡಿಗೆ (ವಿದೇಶಿ ಹಣವನ್ನು ಮೊದಲೇ ತುಂಬಿಸಿಡುವ ಕಾರ್ಡು) ತುಂಬಿಸಿಕೊಳ್ಳಬೇಕು ಅಥವಾ ಬ್ಯಾಂಕಿನ ಮೂಲಕ ಕಳಿಸಬೇಕು. ಭಾರತದ ರೂಪಾಯಿ ನೋಟುಗಳನ್ನು 25,000ದವರೆಗೆ ಜೊತೆಯಲ್ಲಿ ತರಬಹುದು. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರಿನವರೆಗೆ ಹೊರಗೆ ಕಳಿಸಬಹುದು, ಮೊತ್ತ 10 ಲಕ್ಷ ರೂಪಾಯಿ ದಾಟಿದ ಮೇಲೆ ಮೂಲದಲ್ಲೇ, ಅಂದರೆ ಹಣ ಕಳಿಸುವಾಗಲೇ, ತೆರಿಗೆ ಸಂಗ್ರಹ ಶುರುವಾಗುತ್ತದೆ. ಈ 10 ಲಕ್ಷದ ಮಿತಿ 2025ರ ಏಪ್ರಿಲ್‌ನಿಂದ ಬಂದದ್ದು, ಅದಕ್ಕೂ ಮೊದಲು 7 ಲಕ್ಷವಿತ್ತು. ಹಾಗೆ ಹಿಡಿದಿಟ್ಟ ತೆರಿಗೆ ಕಳೆದುಹೋದಂತಲ್ಲ, ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ. ಸಿಂಗಪುರದ ಕಡೆಯಲ್ಲಿ 20,000 ಸಿಂಗಪುರ ಡಾಲರಿಗಿಂತ ಹೆಚ್ಚಿನ ನಗದು ತರುವವರು ಅದನ್ನು ಘೋಷಿಸಲೇಬೇಕು, ಆದರೆ ನಮ್ಮಲ್ಲಿ ಬಹುಪಾಲು ಜನರಿಗೆ ಆ ತಾಪತ್ರಯ ಬರುವುದಿಲ್ಲ.

ಎಷ್ಟು ನಗದು ತರಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ, ಎರಡು ಮೂರು ವಾರದ ಊಟ, ಓಡಾಟಕ್ಕೆ ಸಾಲುವಷ್ಟು. ಇಲ್ಲಿ ಎಲ್ಲವೂ ಕಾರ್ಡಿನಲ್ಲೇ ನಡೆಯುತ್ತದೆ ಎಂದು ನಂಬಿ ಬರಿಗೈಯಲ್ಲಿ ಬಂದವರು ಮೊದಲ ದಿನವೇ ತಿಂಡಿಗೆ ಪರದಾಡುತ್ತಾರೆ. ಮಾಲ್‌ಗಳಲ್ಲಿ, ದೊಡ್ಡ ಹೋಟೆಲುಗಳಲ್ಲಿ, ಮೆಟ್ರೋ ರೈಲು ಮತ್ತು ಬಸ್ಸಿನಲ್ಲಿ ಕಾರ್ಡು ನಡೆಯುತ್ತದೆ. ಆದರೆ ದಿನನಿತ್ಯ ತಿನ್ನುವ ಹಾಕರ್ ಸೆಂಟರುಗಳ, ಅಂದರೆ ಪುಟ್ಟ ಊಟದ ಅಂಗಡಿಗಳು ಒಟ್ಟಿಗಿರುವ ಜಾಗಗಳ, ಅಂಗಡಿಗಳು ಹೆಚ್ಚಾಗಿ ನೋಟನ್ನೋ ಪೇನೌ ಪಾವತಿಯನ್ನೋ ಮಾತ್ರ ತೆಗೆದುಕೊಳ್ಳುತ್ತವೆ. ಪೇನೌ ನಮ್ಮ ಯುಪಿಐಯ ಹಾಗೆ ಮೊಬೈಲ್ ಸಂಖ್ಯೆಯ ಮೇಲೆ ನಡೆಯುವ ವ್ಯವಸ್ಥೆಯಾದರೂ ಅದಕ್ಕೆ ಇಲ್ಲಿನ ಬ್ಯಾಂಕ್ ಖಾತೆ ಬೇಕು, ಖಾತೆಗೆ ಕೆಲಸದ ಪಾಸ್ ಅಥವಾ ವಿದ್ಯಾರ್ಥಿ ಪಾಸ್ ಬೇಕು, ಪಾಸ್ ಕೈಸೇರಲು ಕೆಲವು ದಿನಗಳು ಬೇಕು. ನಗದು ಬೇಕಾಗುವುದು ಈ ನಡುವಿನ ದಿನಗಳಿಗಾಗಿ.

ಭಾರತದ ಯುಪಿಐಗೂ ಇಲ್ಲಿನ ಪೇನೌಗೂ 2023ರ ಫೆಬ್ರವರಿ 21ರಂದು ಕೊಂಡಿ ಏರ್ಪಟ್ಟಿದೆ. ಇದರಲ್ಲಿ ಸೇರಿರುವ ಬ್ಯಾಂಕುಗಳ ಗ್ರಾಹಕರು ಎರಡೂ ದೇಶಗಳ ನಡುವೆ ಮೊಬೈಲಿನಿಂದಲೇ ಸಣ್ಣ ಮೊತ್ತಗಳನ್ನು ಕಳಿಸಬಹುದು. ದಿನದ ಮಿತಿಯನ್ನು ಆರಂಭದಲ್ಲಿ 60,000 ರೂಪಾಯಿ, ಅಂದರೆ ಹೆಚ್ಚುಕಡಿಮೆ 1,000 ಸಿಂಗಪುರ ಡಾಲರಿನಷ್ಟು ಎಂದು ಇಟ್ಟಿದ್ದರು. ಊರಿನಲ್ಲಿರುವ ಅಪ್ಪ ಅಮ್ಮನಿಗೆ ತಿಂಗಳ ಖರ್ಚು ಕಳಿಸಲು ಇದು ಅನುಕೂಲ. ನಿಮ್ಮ ಬ್ಯಾಂಕು ಪಟ್ಟಿಯಲ್ಲಿದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ.

ಇನ್ನು ಹಣ ಬದಲಿಸುವ ಅಂಗಡಿಗಳು. ಸೆರಂಗೂನ್ ರಸ್ತೆಯ ಉದ್ದಕ್ಕೂ, ಮುಸ್ತಫಾ ಸೆಂಟರ್ ಎಂಬ ದೊಡ್ಡ ಅಂಗಡಿಯ ಸುತ್ತಮುತ್ತ, ರಾಫಲ್ಸ್ ಪ್ಲೇಸಿನ ಚೇಂಜ್ ಆಲಿಯಲ್ಲಿ ಗಾಜಿನ ಹಿಂದೆ ಕುಳಿತ ಮನಿ ಚೇಂಜರುಗಳು ಸಿಗುತ್ತಾರೆ. ತಮಿಳುನಾಡಿನ ಮುಸ್ಲಿಂ ಮನೆತನಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದ ವ್ಯಾಪಾರವಿದು. ಮುರುಕು ತಮಿಳು ಬಂದರೂ ಮಾತು ಸಲೀಸಾಗುತ್ತದೆ. ಇವರೆಲ್ಲ ಇಲ್ಲಿನ ಹಣಕಾಸು ಪ್ರಾಧಿಕಾರದ ಪರವಾನಗಿ ಪಡೆದವರಾಗಿರಬೇಕು, ಪರವಾನಗಿ ಕಾಣದ ಕಡೆ ದರ ಎಷ್ಟೇ ಚೆನ್ನಾಗಿದ್ದರೂ ಮುಂದೆ ನಡೆಯಿರಿ. ಇವರು ಕಮಿಷನ್ ಎಂದು ಬೇರೆಯಾಗಿ ಕೇಳುವುದು ಅಪರೂಪ. ಅವರ ಲಾಭವೆಲ್ಲ ಕೊಳ್ಳುವ ದರ, ಮಾರುವ ದರಗಳ ನಡುವಿನ ಅಂತರದಲ್ಲಿರುತ್ತದೆ, ಆದ್ದರಿಂದ ಬೋರ್ಡಿನಲ್ಲಿ ನಿಮಗೆ ಬೇಕಾದದ್ದು ಯಾವ ಸಾಲು ಎಂಬುದು ಗೊತ್ತಿರಬೇಕು. ನೀವು ರೂಪಾಯಿ ಕೊಡುವಾಗ ಅಂಗಡಿಯವರು ರೂಪಾಯಿಯನ್ನು ಕೊಳ್ಳುತ್ತಿದ್ದಾರೆ, ಹಾಗಾಗಿ ನಿಮಗೆ ಅನ್ವಯಿಸುವುದು ಅವರ ಕೊಳ್ಳುವ ದರ, ಅದು ಯಾವಾಗಲೂ ಕಡಿಮೆಯದೇ.

ವ್ಯವಹಾರ ನಡೆಯುವ ಬಗೆ ಹೀಗೆ. ನೀವು ಮೊತ್ತ ಹೇಳುತ್ತೀರಿ; ಅಂಗಡಿಯವರು ಕ್ಯಾಲ್ಕುಲೇಟರಿನಲ್ಲಿ ಒತ್ತಿ, ಅದನ್ನು ನಿಮ್ಮ ಕಡೆಗೆ ತಿರುಗಿಸಿ ತೋರಿಸುತ್ತಾರೆ. ಆ ಪರದೆಯ ಮೇಲಿನ ಅಂಕಿಯನ್ನು ನೋಡಿ ಒಪ್ಪುವ ತನಕ ನಿಮ್ಮ ನೋಟು ಗಾಜಿನ ಆಚೆಗೆ ಹೋಗಬಾರದು. ಮೊತ್ತ ದೊಡ್ಡದಿದ್ದರೆ ದರವನ್ನು ಸ್ವಲ್ಪ ಚೆನ್ನಾಗಿ ಕೊಡುವಿರಾ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ, ಎಷ್ಟೋ ಸಲ ಬೋರ್ಡಿನ ದರಕ್ಕಿಂತ ಒಂದಿಷ್ಟು ಹೆಚ್ಚೇ ಸಿಗುತ್ತದೆ. ಅಕ್ಕಪಕ್ಕದ ಎರಡು ಮೂರು ಅಂಗಡಿಗಳಲ್ಲಿ ವಿಚಾರಿಸುವುದೂ ಇಲ್ಲಿ ಎಲ್ಲರೂ ಮಾಡುವ ಕೆಲಸ. ಹಣವನ್ನು ಅಲ್ಲೇ ನಿಂತು ಎಣಿಸಿ, ರಸೀದಿ ಪಡೆಯಿರಿ. ಹರಿದ, ಮಸಿ ಬಿದ್ದ ನೋಟುಗಳನ್ನು, ಹಳೆಯ ವಿನ್ಯಾಸದ ಅಮೆರಿಕನ್ ಡಾಲರುಗಳನ್ನು ಕೆಲವರು ಮುಟ್ಟುವುದಿಲ್ಲ, ಮುಟ್ಟಿದರೂ ಕಡಿಮೆ ದರ ಹೇಳುತ್ತಾರೆ. 2,000 ರೂಪಾಯಿಯ ನೋಟುಗಳನ್ನು ರಿಸರ್ವ್ ಬ್ಯಾಂಕು 2023ರಲ್ಲಿ ಚಲಾವಣೆಯಿಂದ ಹಿಂತೆಗೆದುಕೊಂಡಿರುವುದರಿಂದ ಬೀರುವಿನ ಮೂಲೆಯಲ್ಲಿ ಉಳಿದವನ್ನು ಇಲ್ಲಿಗೆ ಹೊತ್ತು ತರಬೇಡಿ.

ಡಾಲರ್ ಪಡೆಯುವಾಗ ಹತ್ತರ ನೋಟುಗಳನ್ನು ಕೇಳಿ ಪಡೆಯಿರಿ. ಬೆಳಿಗ್ಗೆ ಏಳಕ್ಕೆ ಕಾಫಿ ಅಂಗಡಿಯಲ್ಲಿ ಐವತ್ತರ ನೋಟು ಚಾಚಿದರೆ ಅಲ್ಲಿನ ಆಂಟಿ ಬೈಯುವುದಿಲ್ಲ, ಆದರೆ ಅವರ ಮುಖ ನೋಡಿದರೆ ಸಾಕು. ಚಿಲ್ಲರೆಯ ಜೊತೆ ಬ್ರೂನೈ ದೇಶದ ನೋಟು ಬಂದರೆ ಗಾಬರಿಯಾಗಬೇಡಿ. 1967ರ ಒಪ್ಪಂದದಂತೆ ಎರಡೂ ಡಾಲರುಗಳ ಬೆಲೆ ಸಮ, ಅಂಗಡಿಗಳಲ್ಲಿ ನಡೆಯುತ್ತದೆ.

ಭಾರತದ ಕಾರ್ಡನ್ನು ಇಲ್ಲಿ ಉಜ್ಜುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಬಹಳಷ್ಟು ಕ್ರೆಡಿಟ್ ಕಾರ್ಡುಗಳು ವಿದೇಶಿ ವ್ಯವಹಾರಕ್ಕೆಂದು ಶೇ. 3.5ರವರೆಗೆ ಹೆಚ್ಚುವರಿ ಶುಲ್ಕ ಹಾಕುತ್ತವೆ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಎರಡನೆಯದು ಇದಕ್ಕಿಂತ ಜಾಣತನದ ಏರ್ಪಾಡು. ಕಾರ್ಡ್ ಯಂತ್ರ ಅಥವಾ ಎಟಿಎಂ ನಿಮ್ಮನ್ನು ರೂಪಾಯಿಯಲ್ಲಿ ಪಾವತಿಸುತ್ತೀರಾ, ಸಿಂಗಪುರ ಡಾಲರಿನಲ್ಲೋ ಎಂದು ಕೇಳುತ್ತದೆ. ರೂಪಾಯಿ ಎಂದು ಕಂಡೊಡನೆ ನಮ್ಮವರ ಬೆರಳು ತಾನಾಗಿ ಅತ್ತ ಹೋಗುತ್ತದೆ. ಹಾಗೆ ಮಾಡಿದರೆ ಪರಿವರ್ತನೆಯ ದರವನ್ನು ಆ ಯಂತ್ರದ ಹಿಂದಿನ ಸಂಸ್ಥೆ ನಿರ್ಧರಿಸುತ್ತದೆ, ಆ ದರ ಸಾಮಾನ್ಯವಾಗಿ ನಿಮ್ಮ ಬ್ಯಾಂಕಿನ ದರಕ್ಕಿಂತ ದುಬಾರಿಯಾಗಿರುತ್ತದೆ. ಪ್ರತಿ ಸಲವೂ ಸಿಂಗಪುರ ಡಾಲರನ್ನೇ ಒತ್ತಿ.

ಕೆಲಸಕ್ಕೆ ಬಂದವರು ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳು ಭಾರತದೊಳಗಿನ ಆದಾಯ ಇಡುವ ಖಾತೆ) ಬದಲಿಸುವುದು ಕಾನೂನಿನ ಅಗತ್ಯ. ಇಲ್ಲಿನ ಸಂಬಳವನ್ನು ಊರಿಗೆ ಕಳಿಸಿ ಇಡಲು ಎನ್‌ಆರ್‌ಇ ಎಂಬ ಇನ್ನೊಂದು ಅನಿವಾಸಿ ಖಾತೆ ತೆರೆಯಿರಿ. ಹಣ ಕಳಿಸುವ ಕಂಪನಿಗಳ ಪೈಕಿ ಯಾವುದು ಒಳ್ಳೆಯದು ಎಂಬ ಚರ್ಚೆ ನಮ್ಮ ಹಬ್ಬದೂಟಗಳಲ್ಲಿ ಎಂದಿಗೂ ಮುಗಿಯದು. ಶುಲ್ಕವೇ ಇಲ್ಲ ಎಂದು ಸಾರುವವರು ದರದಲ್ಲಿ ಹಿಡಿದುಕೊಂಡಿರಬಹುದು, ಶುಲ್ಕ ಹೇಳುವವರ ದರ ಚೆನ್ನಾಗಿರಬಹುದು. 1,000 ಡಾಲರ್ ಕಳಿಸಿದರೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂದು ಒಂದೇ ಹೊತ್ತಿನಲ್ಲಿ ಎರಡು ಕಡೆ ನೋಡಿದರೆ ಚರ್ಚೆಯೇ ಬೇಕಾಗುವುದಿಲ್ಲ.

ಈಗ ಊಟಕ್ಕೆ ಬರೋಣ. ಇಲ್ಲಿನ ಜನ ಮನೆಯಲ್ಲಿ ಅಡುಗೆ ಮಾಡುವುದಕ್ಕಿಂತ ಹಾಕರ್ ಸೆಂಟರಿನಲ್ಲಿ ತಿನ್ನುವುದೇ ಹೆಚ್ಚೇನೋ ಎನ್ನಿಸುತ್ತದೆ. ಆ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಚೀನೀ, ಮಲಯ, ಭಾರತೀಯ ಅಡುಗೆಯ ಹತ್ತಾರು ಪುಟ್ಟ ಅಂಗಡಿಗಳು, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಒಂದು ತಟ್ಟೆ ಊಟ ಸಾಮಾನ್ಯವಾಗಿ 4ರಿಂದ 7 ಡಾಲರಿಗೆ ಸಿಗುತ್ತದೆ, ಬೋರ್ಡಿನಲ್ಲಿ ಬರೆದಷ್ಟೇ ಕೊಟ್ಟರೆ ಸಾಕು. ಖಾಲಿ ಮೇಜಿನ ಮೇಲೆ ಟಿಶ್ಯೂ ಕಾಗದದ ಪೊಟ್ಟಣವೋ ಛತ್ರಿಯೋ ಇದ್ದರೆ ಯಾರೋ ಜಾಗ ಹಿಡಿದಿದ್ದಾರೆ ಎಂದು ಅರ್ಥ, ಅದನ್ನು ಸರಿಸಿ ಕೂರಬೇಡಿ. ಪಾರ್ಸೆಲ್ ಬೇಕಿದ್ದರೆ 'ದಾಬಾವ್' ಎನ್ನಿ, ಡಬ್ಬಿಗೆ ಕೆಲವು ಸೆಂಟ್ ಹೆಚ್ಚು ಕೇಳಬಹುದು. ಉಂಡಾದ ಮೇಲೆ ತಟ್ಟೆಯನ್ನು ನೀವೇ ಒಯ್ದು ಇಡಬೇಕು. 2021ರ ಸೆಪ್ಟೆಂಬರಿನಿಂದ ಇದು ಕಾನೂನು, ಮೊದಲು ಎಚ್ಚರಿಕೆ, ಆಮೇಲೆ ದಂಡ. ಹಲಾಲ್ ತಟ್ಟೆಗಳಿಗೂ ಉಳಿದವಕ್ಕೂ ಬೇರೆ ಬೇರೆ ಅಟ್ಟಣಿಗೆಗಳಿರುತ್ತವೆ, ಬೋರ್ಡು ಓದಿ ಇಡಿ.

ಕಾಫಿಯ ವಿಷಯದಲ್ಲಿ ಫಿಲ್ಟರ್ ಕಾಫಿಯ ನಾಲಿಗೆಗೆ ಮೊದಲ ಗುಟುಕು ಸ್ವಲ್ಪ ಒಗ್ಗದು. ಇಲ್ಲಿನ ಬೀಜವನ್ನು ಸಕ್ಕರೆ, ಬೆಣ್ಣೆ ಅಥವಾ ಮಾರ್ಗರಿನ್ ಸೇರಿಸಿ ಕಡುಕಪ್ಪಾಗಿ ಹುರಿಯುತ್ತಾರೆ. 'ಕೋಪಿ' ಎಂದಷ್ಟೇ ಹೇಳಿದರೆ ಸಿಹಿ ಗಟ್ಟಿಹಾಲಿನ ಕಾಫಿ ಬರುತ್ತದೆ, 'ಕೋಪಿ ಓ' ಎಂದರೆ ಹಾಲಿಲ್ಲದೆ ಸಕ್ಕರೆ ಹಾಕಿದ್ದು, 'ಕೋಪಿ ಸಿ' ಎಂದರೆ ಸಿಹಿಯಿಲ್ಲದ ಗಟ್ಟಿಹಾಲು ಮತ್ತು ಸಕ್ಕರೆ. 'ಕೋಪಿ ಓ', 'ಕೋಪಿ ಸಿ'ಗಳ ಕೊನೆಗೆ 'ಕೊಸೊಂಗ್' ಸೇರಿಸಿದರೆ ಸಕ್ಕರೆಯಿಲ್ಲ, 'ಸಿಯೂ ದಾಯ್' ಎಂದರೆ ಸಕ್ಕರೆ ಕಡಿಮೆ. ನಮ್ಮ ರುಚಿಗೆ ಹತ್ತಿರವಾದದ್ದು ಕೋಪಿ ಸಿ ಸಿಯೂ ದಾಯ್ ಎಂಬುದು ನನ್ನ ಅಭಿಪ್ರಾಯ, ಮನೆಯಲ್ಲಿ ಇದಕ್ಕೆ ಒಪ್ಪಿಗೆಯಿಲ್ಲ.

ಸಸ್ಯಾಹಾರಿಗಳಿಗೆ ಇನ್ನಷ್ಟು ಎಚ್ಚರಿಕೆ ಬೇಕು. ಇಲ್ಲಿ ತರಕಾರಿ ಕಾಣಿಸಿದ ಮಾತ್ರಕ್ಕೆ ಸಸ್ಯಾಹಾರವಾಗುವುದಿಲ್ಲ. ನಾಸಿ ಲೆಮಾಕ್ ಎಂಬ ತೆಂಗಿನಹಾಲಿನ ಅನ್ನದ ಜೊತೆಗಿನ ಸಂಬಾಲ್ ಚಟ್ನಿಗೆ ಒಣಮೀನು ಅಥವಾ ಸೀಗಡಿಯ ಹುದುಗು ಬಿದ್ದಿರುತ್ತದೆ, ಲಕ್ಸಾ ಎಂಬ ನೂಡಲ್ಸ್ ತಿನಿಸಿನ ಸಾರಿಗೆ ಒಣಸೀಗಡಿ, ಹುರಿದ ಸೊಪ್ಪಿಗೆ ಆಯ್ಸ್ಟರ್ (ಸಿಂಪಿಮಾಂಸದ) ಸಾಸ್. 'ಕ್ಯಾರೆಟ್ ಕೇಕ್' ಎಂಬುದರಲ್ಲಿ ಗಜ್ಜರಿಯೂ ಇಲ್ಲ, ಕೇಕೂ ಅಲ್ಲ. ಮೂಲಂಗಿ ಮತ್ತು ಅಕ್ಕಿಹಿಟ್ಟಿನ ತುಂಡುಗಳನ್ನು ಮೊಟ್ಟೆಯೊಡನೆ ಹುರಿದ ತಿನಿಸು ಅದು. ಪರೋಟ ಮಾದರಿಯ ಪ್ರಾಟಾ ಕೇಳಿದರೆ ಪಕ್ಕದ ಬಟ್ಟಲಿಗೆ ಮೀನಿನ ಸಾರೋ ಕುರಿಯ ಸಾರೋ ಬರಬಹುದು, 'ದಾಲ್' ಎಂದು ಮೊದಲೇ ಹೇಳಿ. 'ನೋ ಮೀಟ್' ಎನ್ನುವುದರಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ಮೀನು, ಸೀಗಡಿ ಆ ಲೆಕ್ಕಕ್ಕೆ ಬರುವುದಿಲ್ಲ. ಮಾಂಸ, ಮೀನು, ಸೀಗಡಿ, ಮೊಟ್ಟೆ ಎಂದು ಒಂದೊಂದನ್ನೂ ಹೆಸರಿಸಿ ಬೇಡವೆನ್ನಬೇಕು.

ಹೊಸಬರು ಗಮನಿಸದೆ ಹೋಗುವ ಒಂದು ಒಳ್ಳೆಯ ಜಾಗವಿದೆ. ಬಹಳಷ್ಟು ಹಾಕರ್ ಸೆಂಟರುಗಳಲ್ಲಿ ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿ ಒಂದಾದರೂ ಇರುತ್ತದೆ. ಅಲ್ಲಿ ಕೋಳಿ, ಮೀನಿನಂತೆ ಕಾಣುವ ತುಂಡುಗಳನ್ನು ನೋಡಿ ಹಿಂದೆ ಸರಿಯಬೇಡಿ, ಅವೆಲ್ಲ ಸೋಯಾ, ಗೋಧಿ, ಅಣಬೆಗಳಿಂದ ಮಾಡಿದವು. ಸಂಪ್ರದಾಯಸ್ಥ ಅಂಗಡಿಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲವಾದ್ದರಿಂದ ವ್ರತದ ದಿನಗಳಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಮೊಟ್ಟೆ ಬೇಡದವರು ಅದನ್ನೊಂದು ಕೇಳಿಕೊಂಡರೆ ಸಾಕು. ಚೀನೀ ಚಾಂದ್ರಮಾನದ ಮೊದಲ ಮತ್ತು ಹದಿನೈದನೆಯ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಅಲ್ಲಿ ಉದ್ದದ ಸಾಲು.

ನಮ್ಮ ಕಡೆಯ ತಿಂಡಿ ಬೇಕೆನಿಸಿದಾಗ ಸೆರಂಗೂನ್ ರಸ್ತೆಯ ಸುತ್ತಲಿನ ಲಿಟಲ್ ಇಂಡಿಯಾ ಬಡಾವಣೆ ಇದ್ದೇ ಇದೆ. 1947ರ ಕೋಮಲ ವಿಲಾಸ್, 1924ರ ಆನಂದ ಭವನ್ ಇಲ್ಲಿನ ಹಳೆಯ ಸಸ್ಯಾಹಾರಿ ಹೋಟೆಲುಗಳು. ಬೆಂಗಳೂರಿನಲ್ಲಿ ಅದೇ 1924ರಲ್ಲಿ ಹುಟ್ಟಿದ ಎಂಟಿಆರ್ 2013ರಲ್ಲಿ ಸೆರಂಗೂನ್ ರಸ್ತೆಯಲ್ಲಿ ಶಾಖೆ ತೆರೆದ ಮೇಲೆ ರವೆ ಇಡ್ಲಿಗೆ ಊರಿಗೇ ಹೋಗಬೇಕೆಂಬ ಗೊಣಗಾಟ ನಮ್ಮಲ್ಲಿ ನಿಂತಿದೆ. ಭಾನುವಾರ ಬೆಳಿಗ್ಗೆ ಅಲ್ಲಿ ಕಾಯುವ ಸಾಲಿನಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಕಡಿಮೆ ಖರ್ಚಿಗೆ ಅಲ್ಲಿನ ಟೆಕ್ಕಾ ಸೆಂಟರ್ ಎಂಬ ಹಾಕರ್ ಸೆಂಟರಿನ ಅಂಗಡಿಗಳು ಸಾಕು, ಅದೇ ಕಟ್ಟಡದಲ್ಲಿ ನುಗ್ಗೆಕಾಯಿ, ಕರಿಬೇವೂ ಸಿಗುತ್ತವೆ. ಹಾಕರ್ ಸೆಂಟರುಗಳನ್ನು ಸ್ವಚ್ಛಗೊಳಿಸಲು ಆಗಾಗ್ಗೆ ಒಂದೆರಡು ದಿನ ಮುಚ್ಚುವುದುಂಟು, ದೂರದಿಂದ ಬರುವವರು ವಿಚಾರಿಸಿ ಹೊರಡಿ.

ಹವಾನಿಯಂತ್ರಿತ ಹೋಟೆಲುಗಳ ಲೆಕ್ಕ ಬೇರೆ. ಮೆನುವಿನಲ್ಲಿ ಬೆಲೆಯ ಪಕ್ಕ '++' ಎಂದು ಕಂಡರೆ ಶೇ. 10 ಸೇವಾ ಶುಲ್ಕ ಒಂದು, ಅದನ್ನು ಸೇರಿಸಿದ ಮೊತ್ತದ ಮೇಲೆ ಜಿಎಸ್‌ಟಿ ಇನ್ನೊಂದು ಎಂದು ತಿಳಿಯಿರಿ. 2024ರ ಜನವರಿಯಿಂದ ಇಲ್ಲಿನ ಜಿಎಸ್‌ಟಿ ಶೇ. 9. ಮೆನುವಿನ 20 ಡಾಲರಿಗೆ ಸೇವಾ ಶುಲ್ಕ 2 ಡಾಲರ್ ಸೇರಿ 22, ಅದರ ಮೇಲೆ 1 ಡಾಲರ್ 98 ಸೆಂಟ್ ತೆರಿಗೆ, ಕೊಡಬೇಕಾದದ್ದು 23 ಡಾಲರ್ 98 ಸೆಂಟ್. ಚೀನೀ ಹೋಟೆಲುಗಳಲ್ಲಿ ಕೂತೊಡನೆ ಮುಂದೆ ಬಂದಿಡುವ ಕಡಲೆಕಾಯಿ, ಒದ್ದೆ ಕೈವಸ್ತ್ರಗಳಿಗೂ ಬಿಲ್ಲಿನಲ್ಲಿ ಬೆಲೆಯಿರುತ್ತದೆ; ಬೇಡವೆಂದು ಮರಳಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಲ್ಲಿಯ ನೀರು ಕುಡಿಯಲು ಯೋಗ್ಯವಾದರೂ ಕೆಲವು ಹೋಟೆಲುಗಳು ಲೋಟದ ನೀರಿಗೂ ಹಣ ಹಾಕುತ್ತವೆ, ಬಾಟಲಿ ಜೊತೆಗಿರಲಿ. ಟಿಪ್ಸ್ ಕೊಡುವ ರೂಢಿ ಇಲ್ಲಿಲ್ಲ.

ಊರಿನಿಂದ ಅಪ್ಪ ಅಮ್ಮ ಬಂದಾಗ ಪ್ರತಿ ದೋಸೆಯನ್ನೂ ರೂಪಾಯಿಗೆ ಗುಣಿಸಿ ನಿಟ್ಟುಸಿರು ಬಿಡುತ್ತಾರೆ, ಅದಕ್ಕೆ ಪರಿಹಾರ ನನಗಿನ್ನೂ ಸಿಕ್ಕಿಲ್ಲ. ಪ್ರವಾಸಿಗಳಾಗಿ ಬಂದ ಅವರು ಅರ್ಹ ಅಂಗಡಿಗಳಲ್ಲಿ 100 ಡಾಲರ್ ಮೇಲ್ಪಟ್ಟು ಕೊಂಡ ವಸ್ತುಗಳ ಜಿಎಸ್‌ಟಿಯನ್ನು ಹಿಂದಿರುಗುವಾಗ ಚಾಂಗಿ ವಿಮಾನ ನಿಲ್ದಾಣದಲ್ಲಿ ವಾಪಸು ಪಡೆಯಬಹುದು, ಕೆಲಸದ ಪಾಸ್ ಇರುವ ನಮಗೆ ಆ ಸೌಲಭ್ಯವಿಲ್ಲ. ಹೋಟೆಲಿನಲ್ಲಿ ತಿಂದ ಬಿಲ್ಲುಗಳನ್ನು ಅವರು ಜೋಪಾನವಾಗಿ ಎತ್ತಿಡುವುದು ಬೇಡ, ಊಟದ ತೆರಿಗೆ ಯಾರಿಗೂ ಮರಳುವುದಿಲ್ಲ.