ವಿಮಾನ ನಿಲ್ದಾಣದ ಪಕ್ಕ ಕೂತು ಒಂದು ವರ್ಷ ಗಾಳಿ ಅಳೆದೆ

ನಮ್ಮ ತಾರಸಿಯಲ್ಲಿ ನಿಂತರೆ ಇಳಿಯುವ ವಿಮಾನದ ಚಕ್ರಗಳು ಸ್ಪಷ್ಟವಾಗಿ ಕಾಣುತ್ತವೆ. ಅಷ್ಟು ಹತ್ತಿರ. ಚಳಿ ಶುರುವಾದರೆ ಸಾಕು, ಮಗಳಿಗೆ ಕೆಮ್ಮು. "ಎಲ್ಲಾ ಈ ವಿಮಾನದ ಹೊಗೆಯದ್ದೇ ನೋಡಿ" ಅಂತ ಪಕ್ಕದ ಮನೆಯವರು ಹೇಳುತ್ತಿದ್ದರು. ನಾನೂ ನಂಬಿದ್ದೆ. ಆದರೆ ವಿಮಾನಗಳು ವರ್ಷಪೂರ್ತಿ ಹಾರುತ್ತವೆ, ಅಲ್ವಾ? ಕೆಮ್ಮು ಮಾತ್ರ ಚಳಿಗಾಲದಲ್ಲೇ ಯಾಕೆ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪಿಎಂ 2.5 ಅಳೆಯುವ ಒಂದು ಸಣ್ಣ ಸೆನ್ಸರ್ ತಂದೆ.

ಪಿಎಂ 2.5 ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು. ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ. ಸೆನ್ಸರ್ ಒಳಗಿನ ಪುಟ್ಟ ಫ್ಯಾನ್ ಗಾಳಿ ಎಳೆಯುತ್ತದೆ. ಕಣಗಳ ಮೇಲೆ ಲೇಸರ್ ಬೆಳಕು ಬಿದ್ದು ಚದುರುತ್ತದೆ. ಆ ಚದುರುವಿಕೆಯಿಂದ ಲೆಕ್ಕ ಸಿಗುತ್ತದೆ. ಮೊದಲ ವಾರ ಅದನ್ನು ಅಡುಗೆಮನೆ ಕಿಟಕಿ ಹತ್ತಿರ ನೇತುಹಾಕಿ ತಪ್ಪು ಮಾಡಿದೆ. ಒಗ್ಗರಣೆ ಹಾಕಿದಾಗಲೆಲ್ಲ ಅಂಕಿ ಜಿಗಿಯುತ್ತಿತ್ತು. ಆ ವಾರದ ಪುಟ ಹರಿದುಹಾಕಿ, ಹಿಂದಿನ ಬಾಲ್ಕನಿಯ ಸೂರಿನ ಕೆಳಗೆ, ನೆರಳಲ್ಲಿ ಕಟ್ಟಿದೆ.

ಅಂಕಿ ಒಂದೇ ಬರೆದರೆ ಉಪಯೋಗವಿಲ್ಲ ಅಂತ ಬೇಗ ಗೊತ್ತಾಯಿತು. ತಾರಸಿಯ ಕಂಬಿಗೆ ಹಳೇ ಬಟ್ಟೆಯ ಒಂದು ಪಟ್ಟಿ ಕಟ್ಟಿದೆ. ನೋಟ್‌ಬುಕ್‌ನಲ್ಲಿ ಐದು ಕಾಲಂ: ಹೊತ್ತು, ಅಂಕಿ, ತೇವಾಂಶ, ಪಟ್ಟಿ ಯಾವ ಕಡೆ ಹಾರುತ್ತಿದೆ, ಏನು ವಾಸನೆ. ಇಡೀ ವರ್ಷದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಆ ಬಟ್ಟೆಯ ಪಟ್ಟಿ.

ಚಳಿಗಾಲದಲ್ಲಿ ಪಟ್ಟಿ ಅಲುಗಾಡದೆ ಜೋತುಬಿದ್ದ ರಾತ್ರಿಗಳಲ್ಲೇ ಅಂಕಿ ಅತಿ ಹೆಚ್ಚು. ಕಾರಣ ಇದು: ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಕೆಳಗಿನ ಹೊಗೆಗೆ ಮೇಲೆ ಹೋಗಲು ದಾರಿಯಿಲ್ಲ. ಬಿಸಿಲೇರಿ ನೆಲ ಕಾದ ಮೇಲೇ ಮುಚ್ಚಳ ಒಡೆಯುವುದು. ವಿಮಾನ ತೀರಾ ಕಡಿಮೆಯಿರುವ ನಡುರಾತ್ರಿಯಲ್ಲೂ ಅಂಕಿ ಇಳಿಯಲಿಲ್ಲ. ಆ ದಿನಗಳ ವಾಸನೆ ಕಾಲಂ ನೋಡಿದರೆ ಮತ್ತೆ ಮತ್ತೆ ಒಂದೇ ಮಾತು: "ಸುಟ್ಟ ಎಲೆ".

ಮಳೆಗಾಲದಲ್ಲಿ ಅಂಕಿ ಚೆನ್ನಾಗಿ ಇಳಿಯಿತು. ಬೇಸಿಗೆಯ ಧೂಳಿನ ಬಗ್ಗೆ ಈ ಸೆನ್ಸರ್ ಮಾತು ಜಾಸ್ತಿ ನಂಬಬೇಡಿ, ದಪ್ಪ ಕಣಗಳನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಮಂಜಿನ ಬೆಳಗ್ಗೆಯೂ ಹುಷಾರಾಗಿರಿ. ತೇವಕ್ಕೆ ಕಣಗಳು ನೀರು ಕುಡಿದು ಉಬ್ಬುತ್ತವೆ, ಅಂಕಿ ಸುಮ್ನೆ ಏರುತ್ತದೆ. ತೇವಾಂಶ ಶೇಕಡಾ ತೊಂಬತ್ತು ದಾಟಿದ ಹೊತ್ತಿನ ಅಂಕಿಗಳಿಗೆ ನಾನು ಪೆನ್ಸಿಲ್‌ನಲ್ಲಿ ಗುರುತು ಹಾಕಿ ಪಕ್ಕಕ್ಕಿಟ್ಟೆ.

ಹಾಗಾದರೆ ವಿಮಾನದ್ದು ತಪ್ಪೇ ಇಲ್ಲವಾ? ಕೆಲವು ತಿಂಗಳು ಹಾಗೇ ಅಂದುಕೊಂಡಿದ್ದೆ. ಆದರೆ ರನ್‌ವೇ ಕಡೆಯಿಂದ ಗಾಳಿ ಬೀಸಿದಾಗ ಸೀಮೆಎಣ್ಣೆಯಂಥ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಅಂಕಿ ಮಾತ್ರ ಕದಲುತ್ತಿರಲಿಲ್ಲ. ಓದಿದಾಗ ವಿಷಯ ತಿಳಿಯಿತು. ಜೆಟ್ ಎಂಜಿನ್ ಉಗುಳುವ ಕಣಗಳಲ್ಲಿ ಬಹುಪಾಲು 0.1 ಮೈಕ್ರಾನ್‌ಗಿಂತ ಸಣ್ಣವು. ನನ್ನ ಸೆನ್ಸರ್‌ಗೆ ಸುಮಾರು 0.3ಕ್ಕಿಂತ ಕೆಳಗೆ ಕಣ್ಣಿಲ್ಲ. ಆ ಕಣಗಳ ತೂಕವೂ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ತೂಕದಲ್ಲಿ ಅಳೆಯುವ ಪಿಎಂ 2.5 ಲೆಕ್ಕದಲ್ಲಿ ಕಾಣುವುದೇ ಇಲ್ಲ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಿಂದ ಗಾಳಿ ಬೀಸುವ ದಿಕ್ಕಿನಲ್ಲಿ 16 ಕಿಲೋಮೀಟರ್ ದೂರದವರೆಗೂ ಇಂಥ ಕಣಗಳ ಸಂಖ್ಯೆ ಹೆಚ್ಚಿತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ಕ್ಕೆ ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 15 ಮೈಕ್ರೋಗ್ರಾಂ, ವರ್ಷದ ಸರಾಸರಿ 5 ಅಂತ ಮಿತಿ ಹಾಕಿತು. ಈ ಅತಿಸಣ್ಣ ಕಣಗಳಿಗೆ ಅಂಥ ಮಿತಿ ಹಾಕಲಿಲ್ಲ, ಎಣಿಸಿ ನಿಗಾ ಇಡಿ ಅಂತ ಮಾತ್ರ ಹೇಳಿತು. ಅಂಕಿ ಚೆನ್ನಾಗಿದೆ ಅಂತ ನೆಮ್ಮದಿಯಾಗಿ ಕೂರುವ ಹಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈಗ ಮನೆಯಲ್ಲಿ ಎರಡು ಲೆಕ್ಕ. ಹೊಗೆಗೆ ಸೆನ್ಸರ್, ವಿಮಾನಕ್ಕೆ ಬಟ್ಟೆಯ ಪಟ್ಟಿ ಮತ್ತು ಮೂಗು. ಚಳಿಗಾಲದಲ್ಲಿ ಬಿಸಿಲು ಬಲಿತ ಮೇಲೆ ಕಿಟಕಿ ತೆಗೆಯುತ್ತೇವೆ, ಸಂಜೆಗೆ ಮುಂಚೆ ಮುಚ್ಚುತ್ತೇವೆ. ಗಾಳಿ ರನ್‌ವೇ ಕಡೆಯಿಂದ ಬಂದರೆ ಆ ಬದಿಯ ಕಿಟಕಿ ತೆಗೆಯುವುದೇ ಇಲ್ಲ. ಮಗಳ ಕೋಣೆಯಲ್ಲಿ ಹೆಪಾ ಫಿಲ್ಟರ್ ಇದೆ, ಗಾಳಿಯ ಕಣಗಳನ್ನು ಹಿಡಿಯುವ ಸಣ್ಣ ಎಳೆಗಳ ದಟ್ಟ ಹಾಳೆ. ಅತಿಸಣ್ಣ ಕಣಗಳು ಜರಡಿಯಲ್ಲಿ ನುಸುಳಿದ ಹಾಗೆ ಅದರಲ್ಲಿ ನುಸುಳುತ್ತವೆ ಅಂತ ಹೆದರಿದ್ದೆ. ಹಾಗಲ್ಲ. ಅವು ಅಡ್ಡಾದಿಡ್ಡಿ ಓಡಾಡುತ್ತಾ ಎಳೆಗಳಿಗೆ ಡಿಕ್ಕಿ ಹೊಡೆದು ಅಂಟಿಕೊಳ್ಳುತ್ತವೆ. ಹಿಡಿಯಲು ಕಷ್ಟವಾದವು 0.3 ಮೈಕ್ರಾನ್ ಆಸುಪಾಸಿನವು. ವಾಸನೆಗೆ ಮಾತ್ರ ಇದ್ದಿಲಿನ ಫಿಲ್ಟರೇ ಬೇಕು.

ಈ ಚಳಿಗಾಲ ಮಗಳ ಕೆಮ್ಮು ಕಡಿಮೆಯಿತ್ತು. ಅದು ಇದರಿಂದಲೇ ಅಂತ ಹೇಳಲು ಒಂದು ಮನೆಯ ಒಂದು ವರ್ಷದ ಲೆಕ್ಕ ಸಾಲದು.

ನೋಟ್‌ಬುಕ್ ಹಿಡಿದುಕೊಂಡೇ ಪಕ್ಕದ ಮನೆಗೆ ಹೋಗಿದ್ದೆ. ಅವರು ಪುಟ ತಿರುವಿ, "ಸುಟ್ಟ ಎಲೆ" ಅನ್ನುವ ಸಾಲುಗಳ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಈಗ ಮೂರು ಮನೆಗಳ ತರಗೆಲೆ ಒಂದೇ ಗೊಬ್ಬರದ ಗುಂಡಿಗೆ ಬೀಳುತ್ತದೆ. ಮೂಲೆಮನೆಯವರು ಇನ್ನೂ ಬೆಂಕಿ ಹಚ್ಚುತ್ತಾರೆ. ಮುಂದಿನ ಭಾನುವಾರ ಅವರ ಮನೆಗೆ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೇವೆ.