ಗೋರಿಕಾಯಿ ಅಂಟಿನಲ್ಲಿ ಸಿಕ್ಕಿಬಿದ್ದ ಮಂದಾರದ ಲೆಕ್ಟಿನ್

ಲೆಕ್ಟಿನ್ (ಸಕ್ಕರೆಗೆ ಅಂಟಿ ರಕ್ತಕಣಗಳನ್ನು ಗುಂಪುಗೂಡಿಸುವ ಪ್ರೋಟೀನ್) ಬೇಕಿದ್ದರೆ ಬೀಜ ಹಿಡಿ, ಎಲೆಗೆ ಕೈಹಾಕಬೇಡ ಎಂದವರೇ ಹೆಚ್ಚು. ಅದರಲ್ಲೂ ಗ್ವಾರ್ ಗಮ್, ಅಂದರೆ ಗೋರಿಕಾಯಿ ಬೀಜದ ಅಂಟಿನಿಂದ ಲೆಕ್ಟಿನ್ ಹಿಡಿಯುವ ಕಾಲಮ್ ಕಟ್ಟುತ್ತೇನೆ ಎಂದಾಗ ನಕ್ಕವರಿದ್ದರು. ಮಂದಾರದ ಲೆಕ್ಟಿನ್ ಅಂಟುವುದು ಗ್ಯಾಲಕ್ಟೋಸ್ ಎಂಬ ಸಕ್ಕರೆಗೆ. ಆ ಸಕ್ಕರೆ ಕೂರಿಸಿದ ರೆಡಿಮೇಡ್ ಗ್ಯಾಲಕ್ಟೋಸ್ ಅಗರೋಸ್‌ಗೆ ಹತ್ತಾರು ಸಾವಿರ ತೆರಬೇಕು; ಗ್ಯಾಲಕ್ಟೋಸ್ ಇರುವ ಈ ಅಂಟಿಗೆ ಕೆಲವು ನೂರು ರೂಪಾಯಿ ಸಾಕು.

ಎಲೆ ಗುಲಾಬಿ ಮಂದಾರದ್ದು, ಬಾಹಿನಿಯಾ ಮೊನಾಂಡ್ರಾ. ಹೂವಿನಲ್ಲಿ ಒಂದೇ ಫಲವಂತ ಕೇಸರ ಇರುವುದನ್ನು ನೋಡಿಕೊಂಡೇ ಎಲೆ ಕೀಳಿ. ನೆರಳಲ್ಲಿ ಒಣಗಿಸಿದ ಪುಡಿ 50 ಗ್ರಾಂ, 0.15 ಮೋಲಾರ್ ಉಪ್ಪುನೀರು ಅರ್ಧ ಲೀಟರ್, ಪಿವಿಪಿಪಿ (ಟ್ಯಾನಿನ್ ಹೀರುವ ಪುಡಿ) 10 ಗ್ರಾಂ, 10 ಮಿಲಿಮೋಲಾರ್ ಆಸ್ಕಾರ್ಬಿಕ್ ಆಮ್ಲ. ಆಮ್ಲ ಹಾಕಿದ ಮೇಲೆ ಪಿಎಚ್ ಸರಿಮಾಡಲು ಮರೆಯಬೇಡಿ. 4 ಡಿಗ್ರಿಯಲ್ಲಿ ಐದಾರು ಗಂಟೆ ಕಲಕಿ, ಸೋಸಿ, ಸೆಂಟ್ರಿಫ್ಯೂಜ್. ಪಿವಿಪಿಪಿ ಉಳಿಸಲು ಹೋದ ಬ್ಯಾಚೆಲ್ಲ ಕಾಫಿ ಬಣ್ಣಕ್ಕೆ ತಿರುಗಿತು. ಆದರೂ ಮೊಲದ ಕೆಂಪು ರಕ್ತಕಣಗಳನ್ನು ಚೆನ್ನಾಗಿಯೇ ಗುಂಪುಗೂಡಿಸಿತು! ಅದು ಟ್ಯಾನಿನ್ನಿನ ಆಟ. ಕುದಿಸಿದರೂ ಗುಂಪುಗೂಡಿಸಿದರೆ, 0.2 ಮೋಲಾರ್ ಗ್ಯಾಲಕ್ಟೋಸ್‌ಗೂ ಜಗ್ಗದಿದ್ದರೆ ಅದು ಲೆಕ್ಟಿನ್ನಲ್ಲ, ಚೆಲ್ಲಿಬಿಡಿ.

ಸೋಸಿದ ರಸದ ಪ್ರೋಟೀನನ್ನು ಅಮೋನಿಯಂ ಸಲ್ಫೇಟಿನಿಂದ ಬೀಳಿಸುವಾಗ 60% ಸಂತೃಪ್ತತೆಯವರೆಗೆ ಬೀಳುವುದರಲ್ಲಿ ಎಲೆಯ ಮುಖ್ಯ ಪ್ರೋಟೀನಾದ ರುಬಿಸ್ಕೊದ್ದೇ ರಾಜ್ಯ. ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ಲಿನಲ್ಲಿ (ಎಸ್‌ಡಿಎಸ್-ಪೇಜ್) 55 ಮತ್ತು 15 ಕಿಲೋಡಾಲ್ಟನ್ ಪಟ್ಟಿ ಕಂಡರೆ ಅದೇ. ನಾನು 60–80%ರ ಭಾಗ ಹಿಡಿದೆ.

ಕಾಲಮ್ಮಿಗೆ 10 ಗ್ರಾಂ ಅಂಟು, 3 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಸುಮಾರು 60 ಮಿಲಿ, ಅಂಟಿನ ಎಳೆಗಳನ್ನು ಹೆಣೆದು ಜೆಲ್ ಮಾಡುವ ಎಪಿಕ್ಲೋರೋಹೈಡ್ರಿನ್ 10 ಮಿಲಿ. ವಿಷ ಅದು, ಫ್ಯೂಮ್ ಹುಡ್ ಬಿಟ್ಟು ಹೊರಗೆ ಮುಟ್ಟಬೇಡಿ. ಅಂಟಿನ ಪುಡಿಯನ್ನು ರಾಗಿಮುದ್ದೆಗೆ ಹಿಟ್ಟು ಸುರಿದಂತೆ ಒಮ್ಮೆಗೇ ಸುರಿದರೆ ಗಂಟು ಖಂಡಿತ. 40 ಡಿಗ್ರಿಯಲ್ಲಿ ಒಂದು ದಿನ, 70ರಲ್ಲಿ ಅರ್ಧ ದಿನ, ಆಮೇಲೆ ಪುಡಿಮಾಡಿ ಜರಡಿ. ಎಪಿಕ್ಲೋರೋಹೈಡ್ರಿನ್ 5 ಮಿಲಿಗೆ ಇಳಿಸಿದಾಗ ಜೆಲ್ ಗಂಜಿಯಂತೆ ಉಬ್ಬಿ ಕಾಲಮ್ ನಿಂತುಹೋಯಿತು. 20ಕ್ಕೆ ಏರಿಸಿದಾಗ ಕಲ್ಲಾಯಿತು, ಏನೂ ಅಂಟಲಿಲ್ಲ. ಎಲ್ಲಕ್ಕಿಂತ ಸತಾಯಿಸಿದ್ದು ಜೆಲ್ಲಿನಿಂದ ಸೋರುವ ಅಂಟು. ಅದೇ ಲೆಕ್ಟಿನ್ನಿಗೆ ಅಡ್ಡಬಂದು ಟೈಟರ್ (ಎಷ್ಟು ಪಟ್ಟು ತೆಳುಮಾಡಿದರೂ ರಕ್ತಕಣ ಗುಂಪುಗೂಡುತ್ತವೆ ಎಂಬ ಲೆಕ್ಕ) ಸೊನ್ನೆ ತೋರಿಸುತ್ತದೆ. ತೊಳೆದ ನೀರಿಗೆ, ಸಕ್ಕರೆ ಪತ್ತೆಹಚ್ಚುವ ಫೀನಾಲ್–ಸಲ್ಫ್ಯೂರಿಕ್ ಪರೀಕ್ಷೆಯಲ್ಲಿ ಬಣ್ಣ ಬರದಿರುವವರೆಗೂ ತೊಳೆಯಿರಿ. ತೊಳೆಯುವ ನೀರಿಗೆ ನಾನು ಬೆರೆಸುವ ಒಂದು ವಸ್ತುವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಹುಣಸೆಬೀಜದ ಹಿಟ್ಟಿನಲ್ಲೂ ಇದೇ ಜೆಲ್ ಮಾಡಿ ನೋಡಿದೆ. ಹಿಡಿಯುತ್ತದೆ, ಆದರೆ ಹೆಚ್ಚುಕಡಿಮೆ ಅರ್ಧದಷ್ಟು.

60–80%ರ ಭಾಗವನ್ನು ಕಾಲಮ್ಮಿಗೆ ಬಿಟ್ಟು ತೊಳೆಯಿರಿ. ಹೊರಬರುವ ದ್ರವದ 280 ನ್ಯಾನೋಮೀಟರ್ ಓದು (ಪ್ರೋಟೀನಿನ ಗುರುತು) 0.05ಕ್ಕಿಂತ ಇಳಿದ ಮೇಲೆ 0.2 ಮೋಲಾರ್ ಗ್ಯಾಲಕ್ಟೋಸ್ ಬಿಡಿ, ಲೆಕ್ಟಿನ್ ಕಳಚಿ ಬರುತ್ತದೆ. ಆಮೇಲೆ ಗ್ಯಾಲಕ್ಟೋಸ್ ತೆಗೆಯುವ ಡಯಾಲಿಸಿಸ್‌ಗೆ ಮೂರು ಬಾರಿಯಾದರೂ ನೀರು ಬದಲಿಸಿ. ಗ್ಯಾಲಕ್ಟೋಸ್ ಉಳಿದರೆ ಟೈಟರ್ ಬರುವುದಿಲ್ಲ. ಕ್ಯಾಲ್ಸಿಯಂ ಸೇರಿಸುವವರು ಫಾಸ್ಫೇಟ್ ಬಫರ್ ಬಿಟ್ಟು ಟ್ರಿಸ್ ಬಳಸಿ, ಇಲ್ಲವಾದರೆ ಬಿಳಿ ಗಸಿ ಕೂರುತ್ತದೆ.

ನನಗೆ ಸಿಕ್ಕಿದ್ದು ಎಂಟು–ಹತ್ತು ಮಿಲಿಗ್ರಾಂ. ಎಸ್‌ಡಿಎಸ್-ಪೇಜ್ ಜೆಲ್ಲಿನಲ್ಲಿ 33 ಕಿಲೋಡಾಲ್ಟನ್ ಆಸುಪಾಸಿನಲ್ಲಿ ಒಂದೇ ಪಟ್ಟಿ, 2% ಮೊಲದ ರಕ್ತಕಣಗಳಿಗೆ ಟೈಟರ್ 512. ಗ್ಯಾಲಕ್ಟೋಸ್ ತಡೆಯಿತು, ಗ್ಲೂಕೋಸ್ ತಡೆಯಲಿಲ್ಲ. ಅದೇ ಕಾಲಮ್ ಏಳೆಂಟು ಬಾರಿ ಓಡಿದೆ, ಇನ್ನೂ ಓಡುತ್ತಿದೆ.